ಪುರುಷ ಫಲವಂತಿಕೆ ಮತ್ತು ಅಡ್ರಿನರ್ಜಿಕ್ ಗ್ರಾಹಕಗಳು: ಜನಪದ ಪರಿಕಲ್ಪನೆಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

೧. ಪೀಠಿಕೆ

ಮಕ್ಕಳಾಗದ ಹೆಣ್ಣನ್ನು ಹೆಸರಿಸಲು ಕನ್ನಡದಲ್ಲಿ 'ಬಂಜೆ' ಎಂಬ ಪದವಿದೆ. ಸಂಸ್ಕೃತದ 'ವಂಧ್ಯಾ' ಶಬ್ದದ ತದ್ಭವವಾದ ಈ ಪದವು ಕಾವ್ಯ, ವಚನ, ಗಾದೆ, ಗರತಿಯ ಹಾಡು ಎಲ್ಲದರಲ್ಲಿಯೂ ನೆಲೆಯೂರಿದೆ. ಇದರ ಜೊತೆಗೆ ಕರು ಹಾಕದ ಹಸುವಿಗೆ, ಎಮ್ಮೆಗೆ ಬಳಸುವ 'ಗೊಡ್ಡು' ಎಂಬ ಮಾತನ್ನು ಹೆಣ್ಣಿಗೂ ಅನ್ವಯಿಸುವುದುಂಟು. ಆದರೆ ಮಕ್ಕಳಾಗದ ಗಂಡನ್ನು ಹೆಸರಿಸುವ ಸಮಾನ ಪದವನ್ನು ಹುಡುಕಹೊರಟರೆ ನಮಗೆ ಸಿಗುವುದು 'ಷಂಡ', 'ನಪುಂಸಕ', 'ಗಂಡಸಲ್ಲ' ಎಂಬಂತಹ ಮಾತುಗಳು ಮಾತ್ರ. ಇವೆಲ್ಲವೂ ಸಂಭೋಗ ಸಾಮರ್ಥ್ಯವಿಲ್ಲದವನನ್ನು ಕುರಿತ ಬೈಗುಳಗಳೇ ಹೊರತು ಸಂತಾನಶಕ್ತಿಯನ್ನು ಕುರಿತ ವಿವರಣೆಗಳಲ್ಲ. ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲದ, ನೋಡಲು ದೃಢಕಾಯನಾದ, ಆದರೂ ತನ್ನ ದೇಹದ ಕಾರಣದಿಂದಲೇ ಮಕ್ಕಳನ್ನು ಪಡೆಯಲಾರದ ಗಂಡಸನ್ನು ಹೆಸರಿಸುವ ಪದ ನಮ್ಮ ಆಡುನುಡಿಯಲ್ಲಿ ರೂಢಿಗೆ ಬಂದಿಲ್ಲ. ಇತ್ತೀಚೆಗೆ ವೈದ್ಯಕೀಯ ಬರವಣಿಗೆಯ ಮೂಲಕ ಬಂದಿರುವ 'ಪುರುಷ ಬಂಜೆತನ' ಎಂಬ ಶಬ್ದವೂ ಸ್ತ್ರೀವಾಚಕ ಪದವೊಂದಕ್ಕೆ 'ಪುರುಷ' ಎಂಬ ವಿಶೇಷಣವನ್ನು ಅಂಟಿಸಿ ಮಾಡಿಕೊಂಡದ್ದೇ ಆಗಿದೆ.

ಇದು ಕೇವಲ ನಿಘಂಟಿನ ಕೊರತೆಯಲ್ಲ. ಪದವಿಲ್ಲದ ಕಡೆ ಪ್ರಶ್ನೆಯೂ ಹುಟ್ಟುವುದಿಲ್ಲ. ಮಕ್ಕಳಾಗದ ಮನೆಯಲ್ಲಿ ಹರಕೆ ಹೊರುವವಳು, ಅಶ್ವತ್ಥಮರವನ್ನು ಸುತ್ತುವವಳು, ಉಪವಾಸವಿರುವವಳು ಬಹುಮಟ್ಟಿಗೆ ಹೆಂಡತಿಯೇ. ಸೀಮಂತದ ಆರತಿಗೆ, ಉಡಿ ತುಂಬುವ ಶಾಸ್ತ್ರಕ್ಕೆ ಆಕೆಯನ್ನು ಹಿಂದೆ ನಿಲ್ಲಿಸುವ ರೂಢಿ ಹಲವೆಡೆ ಇತ್ತು, ಕೆಲವೆಡೆ ಇಂದಿಗೂ ಉಳಿದಿದೆ. ಮಕ್ಕಳಾಗಲಿಲ್ಲವೆಂಬ ಕಾರಣಕ್ಕೆ ಗಂಡನಿಗೆ ಎರಡನೆಯ ಮದುವೆ ಮಾಡಿದ ಕಥನಗಳು ನಮ್ಮ ಹಾಡುಗಳಲ್ಲಿಯೂ ಕುಟುಂಬಗಳ ನೆನಪಿನಲ್ಲಿಯೂ ಹೇರಳವಾಗಿವೆ. ಅದೇ ವೇಳೆಗೆ ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ ಕಾರಣವು ಪೂರ್ತಿಯಾಗಿಯೋ ಭಾಗಶಃವಾಗಿಯೋ ಪುರುಷನಲ್ಲಿರುತ್ತದೆ ಎಂಬುದು ಇಂದಿನ ವೈದ್ಯಶಾಸ್ತ್ರದ ಸಾಮಾನ್ಯ ತಿಳಿವಳಿಕೆಯಾಗಿದೆ.

ಈ ಹಿನ್ನೆಲೆಯಲ್ಲಿ ಪ್ರಸ್ತುತ ಲೇಖನವು ಪುರುಷ ಶರೀರದ ಒಂದು ಸೂಕ್ಷ್ಮ ವ್ಯವಸ್ಥೆಯನ್ನು, ಎಂದರೆ ಅಡ್ರಿನರ್ಜಿಕ್ ಗ್ರಾಹಕಗಳನ್ನು, ಪರಿಚಯಿಸಲು ಯತ್ನಿಸುತ್ತದೆ. ಪ್ರಾಸ್ಟೇಟ್ ಗ್ರಂಥಿಯ ಬೆಳವಣಿಗೆಯಲ್ಲಿ ಮತ್ತು ಸಂತಾನಶಕ್ತಿಯಲ್ಲಿ ಇವುಗಳ ಪಾತ್ರವನ್ನು ಅರಿತರೆ, ಸಂಭೋಗ ಸಾಮರ್ಥ್ಯ, ಬೀಜದ ಆರೋಗ್ಯ ಮತ್ತು ಬೀಜದ ಸಾಗಣೆ ಎಂಬ ಮೂರೂ ಬೇರೆ ಬೇರೆ ಸಂಗತಿಗಳೆಂಬುದು ಸ್ಪಷ್ಟವಾಗುತ್ತದೆ. ಜನಪದ ಪರಿಕಲ್ಪನೆಯು ಒಂದಾಗಿ ಕಂಡ ಈ ಮೂರನ್ನು ಬಿಡಿಸಿ ನೋಡುವುದೇ ಈ ಬರಹದ ಉದ್ದೇಶ.

೨. ಬೀಜ-ಕ್ಷೇತ್ರ ಕಲ್ಪನೆ ಮತ್ತು ಅದರ ಮಿತಿ

ಬೇಸಾಯವನ್ನು ಬದುಕಾಗಿಸಿಕೊಂಡ ಸಮಾಜವು ಸಂತಾನವನ್ನೂ ಬೇಸಾಯದ ಭಾಷೆಯಲ್ಲಿಯೇ ಗ್ರಹಿಸಿತು. ಗಂಡು ಬೀಜ, ಹೆಣ್ಣು ಹೊಲ ಎಂಬ ಕಲ್ಪನೆ ಶಿಷ್ಟ ಪರಂಪರೆಯಲ್ಲಿಯೂ ಜನಪದದಲ್ಲಿಯೂ ಸಮಾನವಾಗಿ ಕಾಣಸಿಗುತ್ತದೆ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಹೆಣ್ಣನ್ನು ಕ್ಷೇತ್ರವೆಂದೂ ಗಂಡನ್ನು ಬೀಜವೆಂದೂ ಕರೆದು ಇವೆರಡರ ಹೆಚ್ಚುಗಾರಿಕೆಯನ್ನು ಚರ್ಚಿಸುತ್ತದೆ. ಈ ಕಲ್ಪನೆಯಲ್ಲಿ ಬೀಜವು ಸಹಜವಾಗಿಯೇ ಫಲಶಕ್ತಿಯುಳ್ಳದ್ದು. ಮೊಳಕೆ ಬಾರದಿದ್ದರೆ ದೋಷ ನೆಲದ್ದು. ಕೆಟ್ಟ ಬಿತ್ತನೆ ಬೀಜವನ್ನು ಕಂಡರಿಯದ ರೈತನಿಲ್ಲ. ಆದರೂ ಹೊಲದ ಈ ಅನುಭವವನ್ನು ಮನೆಯೊಳಗಿನ ವಿಚಾರಕ್ಕೆ ತರಲು ಸಮಾಜ ಹಿಂಜರಿದಿದೆ.

ಮಲೆ ಮಾದೇಶ್ವರ ಮಹಾಕಾವ್ಯದ ಸಂಕಮ್ಮನ ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಮಕ್ಕಳಿಲ್ಲದ ಸಂಕಮ್ಮನನ್ನು ಬಿಟ್ಟು ಕಾಡಿಗೆ ಹೊರಡುವ ಗಂಡ ನೀಲೇಗೌಡ ಆಕೆಯ ಶೀಲವನ್ನು ಶಂಕಿಸಿ ಪ್ರಮಾಣ ಕೇಳುತ್ತಾನೆ, ಹಿಂಸಿಸುತ್ತಾನೆ. ಮಾದೇಶ್ವರನ ವರದಿಂದ ಆಕೆ ಕಾರಯ್ಯ, ಬಿಲ್ಲಯ್ಯ ಎಂಬ ಇಬ್ಬರು ಮಕ್ಕಳನ್ನು ಪಡೆಯುತ್ತಾಳೆ. ಗಾಯಕರ ಸಹಾನುಭೂತಿ ಸಂಪೂರ್ಣವಾಗಿ ಸಂಕಮ್ಮನ ಕಡೆಗಿದೆ ಎಂಬುದು ಗಮನಾರ್ಹ. ಆದರೆ ಅಷ್ಟು ವಿಸ್ತಾರವಾದ ಕಥನದಲ್ಲಿ ಮಕ್ಕಳಾಗದಿರುವುದಕ್ಕೆ ಕಾರಣ ನೀಲೇಗೌಡನ ದೇಹದಲ್ಲಿರಬಹುದೇ ಎಂಬ ಪ್ರಶ್ನೆ ಕಥೆಯ ಕೇಂದ್ರಕ್ಕೆ ಬರುವುದಿಲ್ಲ. ಮಹಾಭಾರತದ ಪಾಂಡುವಿನಲ್ಲಿ ಕಾರಣವು ಗಂಡಿನದೇ ಆಗಿದ್ದರೂ ಅದು ಋಷಿಶಾಪದ ರೂಪದಲ್ಲಿ ಬರುತ್ತದೆ. ಹೀಗೆ ಗಂಡಿನ ಕೊರತೆಯು ಶಾಪವಾಗಿ ಹೊರಗಿನಿಂದ ಬಂದರೆ, ಹೆಣ್ಣಿನ ಕೊರತೆ ಆಕೆಯ ಹೆಸರೇ ಆಗಿಬಿಡುತ್ತದೆ.

ಶಾಸ್ತ್ರಗ್ರಂಥಗಳು ಈ ವಿಷಯದಲ್ಲಿ ಲೋಕರೂಢಿಗಿಂತ ಒಂದು ಹೆಜ್ಜೆ ಮುಂದಿದ್ದವು. ಚರಕಸಂಹಿತೆಯ ಚಿಕಿತ್ಸಾಸ್ಥಾನವು 'ಕ್ಲೈಬ್ಯ'ವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ಬೀಜದ ಹಾನಿಯಿಂದ ಬಂದದ್ದು, ಲಿಂಗದ ಹಾನಿಯಿಂದ ಬಂದದ್ದು, ಮುಪ್ಪಿನಿಂದ ಬಂದದ್ದು ಹಾಗೂ ಶುಕ್ರಕ್ಷಯದಿಂದ ಬಂದದ್ದು. ಬೀಜದೋಷ ಮತ್ತು ಸಂಭೋಗದೋಷ ಬೇರೆಯೆಂಬ ತಿಳಿವು ಇಲ್ಲಿದೆ. ಆದರೆ ಈ ನಾಲ್ಕನ್ನೂ ಒಂದೇ ಹೆಸರಿನಡಿ ತಂದದ್ದರಿಂದ ಆ ಭೇದವು ವೈದ್ಯರಲ್ಲಿ ಉಳಿಯಿತೇ ವಿನಾ ಜನರ ನುಡಿಗೆ ಇಳಿಯಲಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಆಧುನಿಕ ವಿಜ್ಞಾನವು ಕಂಡುಕೊಂಡದ್ದನ್ನೆಲ್ಲ ನಮ್ಮ ಪೂರ್ವಿಕರು ಮೊದಲೇ ಅರಿತಿದ್ದರೆಂದು ಸಾಧಿಸುವುದು ಈ ಲೇಖನದ ಆಶಯವಲ್ಲ. ಗ್ರಾಹಕಗಳ ಕಲ್ಪನೆ ಕಳೆದ ಶತಮಾನದ್ದು. ಅದರ ಇತಿಹಾಸವನ್ನು ಸಂಕ್ಷಿಪ್ತವಾಗಿ ನೋಡುವುದು ಉಚಿತ.

೩. ಗ್ರಾಹಕವೆಂದರೇನು?

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳ ಸಾರವನ್ನು ಪ್ರಾಣಿಗಳಿಗೆ ಚುಚ್ಚಿದಾಗ ರಕ್ತದ ಒತ್ತಡ ಥಟ್ಟನೆ ಏರುವುದನ್ನು ಇಂಗ್ಲೆಂಡಿನ ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್ ೧೮೯೪ರ ವೇಳೆಗೆ ತೋರಿಸಿದರು. ಅದರ ಸಕ್ರಿಯ ವಸ್ತುವಾದ ಅಡ್ರಿನಲಿನ್ ಅನ್ನು ೧೯೦೧ರ ಹೊತ್ತಿಗೆ ಜಪಾನಿನ ಜೋಕಿಚಿ ತಕಾಮಿನೆ ಬೇರ್ಪಡಿಸಿದ್ದರು. ಜೀವಕೋಶಗಳ ಮೇಲೆ ಇಂತಹ ವಸ್ತುಗಳನ್ನು ಬರಮಾಡಿಕೊಳ್ಳುವ ವಿಶಿಷ್ಟ ಅಂಶವೊಂದು ಇರಬೇಕೆಂದು ಕೇಂಬ್ರಿಜ್ಜಿನ ಜಾನ್ ಲ್ಯಾಂಗ್ಲಿ ೧೯೦೫ರಲ್ಲಿ ಪ್ರತಿಪಾದಿಸಿದರು. ೧೯೪೬ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಸಿಂಪಥೆಟಿಕ್ ನರಗಳ ತುದಿಯಿಂದ ಒಸರುವ ವಸ್ತುವು ಅಡ್ರಿನಲಿನ್ನಿನ ನಿಕಟ ಬಂಧುವಾದ ನಾರ್‌ಅಡ್ರಿನಲಿನ್ ಎಂದು ತೋರಿಸಿದರು. ಹೆದರಿದಾಗ, ಓಡುವಾಗ, ಹೋರಾಡುವಾಗ ದೇಹವನ್ನು ಅಣಿಗೊಳಿಸುವ ನರವ್ಯೂಹಕ್ಕೆ ಸಿಂಪಥೆಟಿಕ್ ನರವ್ಯೂಹವೆಂದು ಹೆಸರು.

ಒಂದೇ ವಸ್ತುವು ಒಂದು ಅಂಗವನ್ನು ಬಿಗಿಗೊಳಿಸಿ ಇನ್ನೊಂದನ್ನು ಸಡಿಲಿಸುವುದು ಹೇಗೆ ಎಂಬ ಸಮಸ್ಯೆಗೆ ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ ೧೯೪೮ರಲ್ಲಿ ಉತ್ತರ ನೀಡಿದರು. ವಸ್ತು ಒಂದೇ ಆದರೂ ಅದನ್ನು ಬರಮಾಡಿಕೊಳ್ಳುವ ಗ್ರಾಹಕಗಳು ಎರಡು ಬಗೆಯವು ಎಂದು ತರ್ಕಿಸಿ ಅವುಗಳನ್ನು ಆಲ್ಫಾ ಮತ್ತು ಬೀಟಾ ಎಂದು ಕರೆದರು. ಇಂದು ಒಟ್ಟು ಒಂಬತ್ತು ಉಪಬಗೆಗಳನ್ನು ಗುರುತಿಸಲಾಗಿದೆ: ಆಲ್ಫಾ-೧ರಲ್ಲಿ ಎ, ಬಿ, ಡಿ ಎಂಬ ಮೂರು, ಆಲ್ಫಾ-೨ರಲ್ಲಿ ಎ, ಬಿ, ಸಿ ಎಂಬ ಮೂರು, ಬೀಟಾದಲ್ಲಿ ೧, ೨, ೩ ಎಂಬ ಮೂರು. ಈ ಗ್ರಾಹಕಗಳ ಕುಟುಂಬವನ್ನು ಕುರಿತ ಸಂಶೋಧನೆಗಾಗಿ ರಾಬರ್ಟ್ ಲೆಫ್ಕೊವಿಟ್ಜ್ ಮತ್ತು ಬ್ರಯಾನ್ ಕೊಬಿಲ್ಕ ಅವರಿಗೆ ೨೦೧೨ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಗ್ರಾಹಕವು ಜೀವಕೋಶದ ಪೊರೆಯಲ್ಲಿ ಹುದುಗಿರುವ ಒಂದು ಪ್ರೋಟೀನು. ನಾರ್‌ಅಡ್ರಿನಲಿನ್ ಅದಕ್ಕೆ ಬಂದು ಕೂಡಿದಾಗ ಅದರ ಆಕಾರ ತುಸು ಬದಲಾಗಿ, ಕೋಶದೊಳಗೆ ಸರಣಿಕ್ರಿಯೆಯೊಂದು ಆರಂಭವಾಗುತ್ತದೆ. ಆಲ್ಫಾ-೧ ಗ್ರಾಹಕವಾದರೆ ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಪ್ರಮಾಣ ಏರಿ ಸ್ನಾಯು ಸಂಕುಚಿಸುತ್ತದೆ. ಬೀಟಾ-೨ ಗ್ರಾಹಕವಾದರೆ ಬೇರೊಂದು ಸರಣಿಯ ಮೂಲಕ ಸ್ನಾಯು ಸಡಿಲಗೊಳ್ಳುತ್ತದೆ. ಸಾರಿದ ಮಾತು ಒಂದೇ. ಕೇಳಿದವರು ಯಾರೆಂಬುದರ ಮೇಲೆ ನಡೆಯುವ ಕೆಲಸ ಬೇರೆಯಾಗುತ್ತದೆ.

೪. ಪ್ರಾಸ್ಟೇಟ್ ಗ್ರಂಥಿಯ ಬೆಳವಣಿಗೆ

ಪ್ರಾಸ್ಟೇಟ್ ಪುರುಷರಲ್ಲಿ ಮೂತ್ರಾಶಯದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಿರುವ ಗ್ರಂಥಿ. ವಯಸ್ಕರಲ್ಲಿ ಅದರ ತೂಕ ಸುಮಾರು ೨೦ ಗ್ರಾಂ. ವೀರ್ಯದ ದ್ರವದಲ್ಲಿ ಸುಮಾರು ಕಾಲುಭಾಗ ಇದರದು. ಸಿಟ್ರಿಕ್ ಆಮ್ಲ, ಸತು ಮತ್ತು ಹೆಪ್ಪುಗಟ್ಟಿದ ವೀರ್ಯವನ್ನು ಮತ್ತೆ ನೀರಾಗಿಸಿ ವೀರ್ಯಾಣುಗಳಿಗೆ ದಾರಿ ಬಿಡಿಸುವ ಕಿಣ್ವ ಈ ದ್ರವದಲ್ಲಿವೆ.

ಭ್ರೂಣದ ಸುಮಾರು ಹತ್ತನೆಯ ವಾರದಲ್ಲಿ ಈ ಗ್ರಂಥಿ ಮೊಳೆಯತೊಡಗುತ್ತದೆ. ಭ್ರೂಣದ ವೃಷಣಗಳು ಸ್ರವಿಸುವ ಟೆಸ್ಟೊಸ್ಟಿರೋನ್ ಹಾರ್ಮೋನು ಅಲ್ಲಿಯ ಅಂಗಾಂಶದಲ್ಲಿ ಇನ್ನಷ್ಟು ಪ್ರಬಲವಾದ ಡೈಹೈಡ್ರೊಟೆಸ್ಟೊಸ್ಟಿರೋನ್ ಆಗಿ ಮಾರ್ಪಡುತ್ತದೆ. ಇದರ ಪ್ರಭಾವಕ್ಕೆ ಒಳಗಾದ ಹೊರಪದರದ ಸಂಯೋಜಕ ಅಂಗಾಂಶವು ಒಳಪದರಕ್ಕೆ ಸೂಚನೆ ನೀಡಿ, ಗ್ರಂಥಿಯ ಮೊಗ್ಗುಗಳು ಕವಲೊಡೆಯುವಂತೆ ಮಾಡುತ್ತದೆ. ಅಮೆರಿಕದ ಜೆರಾಲ್ಡ್ ಕುನ್ಹಾ ಅವರು ಎರಡು ಪದರಗಳನ್ನು ಬೇರ್ಪಡಿಸಿ ಮರುಜೋಡಿಸುವ ಪ್ರಯೋಗಗಳ ಮೂಲಕ ಈ ಸಂವಾದವನ್ನು ತೋರಿಸಿಕೊಟ್ಟರು. ಹೋರಿಯ ಬೀಜ ಒಡೆಸಿ ಎತ್ತು ಮಾಡುವ ರೈತನಿಗೆ ವೃಷಣಗಳಿಲ್ಲದೆ ಗಂಡುಲಕ್ಷಣ ಬೆಳೆಯದೆಂಬುದು ತಿಳಿದಿತ್ತು. ಪ್ರಾಸ್ಟೇಟ್ ಕೂಡ ಅದೇ ನಿಯಮಕ್ಕೆ ಒಳಪಟ್ಟಿದೆ. ಈ ಅವಲಂಬನೆಯನ್ನು ಕ್ಯಾನ್ಸರ್ ಚಿಕಿತ್ಸೆಗೆ ಬಳಸಿದ ಚಾರ್ಲ್ಸ್ ಹಗಿನ್ಸ್ ಅವರಿಗೆ ೧೯೬೬ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಜಾನಪದ ವಿದ್ವಾಂಸರಿಗೆ ವಿಶೇಷ ಆಸಕ್ತಿಯುಂಟುಮಾಡುವ ಉದಾಹರಣೆಯೊಂದು ಇಲ್ಲಿದೆ. ಕೆರಿಬಿಯನ್ ಪ್ರದೇಶದ ಡೊಮಿನಿಕನ್ ಗಣರಾಜ್ಯದ ಸಲಿನಾಸ್ ಎಂಬ ಗ್ರಾಮದಲ್ಲಿ, ಹುಟ್ಟಿನಲ್ಲಿ ಹೆಣ್ಣೆಂದು ಭಾವಿಸಲ್ಪಟ್ಟು ಪ್ರಾಯಕ್ಕೆ ಬರುವಾಗ ಗಂಡುಲಕ್ಷಣ ತಳೆಯುವ ಕೆಲವು ಮಕ್ಕಳಿದ್ದರು. ಊರಿನ ಜನ ಅವರನ್ನು 'ಗೆವೆದೋಸೆಸ್' ಎಂದು ಕರೆಯುತ್ತಿದ್ದರು. ಹನ್ನೆರಡರ ವಯಸ್ಸಿಗೆ ವೃಷಣ ಕಾಣಿಸಿಕೊಂಡವರು ಎಂಬುದು ಅದರ ತಾತ್ಪರ್ಯ. ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಸಂಗಡಿಗರು ೧೯೭೪ರಲ್ಲಿ ಈ ಕುಟುಂಬಗಳ ಅಧ್ಯಯನವನ್ನು ಪ್ರಕಟಿಸಿ, ಟೆಸ್ಟೊಸ್ಟಿರೋನನ್ನು ಮಾರ್ಪಡಿಸುವ ಕಿಣ್ವದ ಕೊರತೆ ಇದಕ್ಕೆ ಕಾರಣವೆಂದು ತಿಳಿಸಿದರು. ಇವರಲ್ಲಿ ಪ್ರಾಸ್ಟೇಟ್ ಬಹಳ ಚಿಕ್ಕದಾಗಿಯೇ ಉಳಿಯುತ್ತಿತ್ತು. ಆ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಎಂಬ ಔಷಧಿ ೧೯೯೨ರಲ್ಲಿ ಅಮೆರಿಕದಲ್ಲಿ ಪ್ರಾಸ್ಟೇಟ್ ಹಿಗ್ಗುವಿಕೆಯ ಚಿಕಿತ್ಸೆಗೆ ಮಾನ್ಯತೆ ಪಡೆಯಿತು. ಒಂದು ಊರಿನ ಆಡುನುಡಿಯಲ್ಲಿ ಇಂತಹವರಿಗೆ ಪ್ರತ್ಯೇಕವಾದ ಪದವೊಂದು ಇತ್ತು ಎಂಬುದೇ ಅಲ್ಲಿಯ ಜನ ಆ ಸ್ಥಿತಿಯನ್ನು ಗುರುತಿಸಿದ್ದರೆಂಬುದಕ್ಕೆ ಸಾಕ್ಷಿ.

ಹಾಗಾದರೆ ಅಡ್ರಿನರ್ಜಿಕ್ ಗ್ರಾಹಕಗಳ ಪಾತ್ರವೇನು? ಗ್ರಂಥಿಯನ್ನು ಕಟ್ಟುವುದು ಮುಖ್ಯವಾಗಿ ಹಾರ್ಮೋನು. ಅದನ್ನು ಪೋಷಿಸುವುದರಲ್ಲಿ ಮತ್ತು ಕೆಲಸಕ್ಕೆ ಹಚ್ಚುವುದರಲ್ಲಿ ನರಗಳ ಪಾತ್ರ ದೊಡ್ಡದು. ಇಲಿಗಳಲ್ಲಿ ಒಂದು ಬದಿಯ ಸಿಂಪಥೆಟಿಕ್ ನರವನ್ನು ಕತ್ತರಿಸಿದಾಗ ಆ ಬದಿಯ ಪ್ರಾಸ್ಟೇಟ್ ಭಾಗದ ತೂಕ ಇಳಿಯುತ್ತದೆ. ಇದಕ್ಕೆ ವಿರುದ್ಧವಾಗಿ ಆಲ್ಫಾ-೧ ಗ್ರಾಹಕಗಳನ್ನು ಉದ್ದೀಪಿಸುವ ಫಿನೈಲೆಫ್ರಿನ್ ಎಂಬ ವಸ್ತುವನ್ನು ಇಲಿಗಳಿಗೆ ದಿನಗಟ್ಟಲೆ ಕೊಟ್ಟಾಗ ಗ್ರಂಥಿಯ ಕೋಶಗಳು ಅತಿಯಾಗಿ ಬೆಳೆದದ್ದು ಕಂಡುಬಂದಿದೆ. ಆದರೆ ಆಲ್ಫಾ-೧ಎ ಗ್ರಾಹಕವೇ ಇಲ್ಲದಂತೆ ಮಾಡಿದ ಸುಂಡಿಲಿಗಳಲ್ಲಿಯೂ ಪ್ರಾಸ್ಟೇಟ್ ರೂಪುಗೊಳ್ಳುತ್ತದೆ. ಅದರ ಸಂಕೋಚನಶಕ್ತಿ ಮಾತ್ರ ಕುಗ್ಗುತ್ತದೆ. ಕ್ಲೇರ್ ಮ್ಯಾಗ್ನಾನ್ ಮತ್ತು ಸಂಗಡಿಗರು ೨೦೧೩ರಲ್ಲಿ ಪ್ರಕಟಿಸಿದ ಸುಂಡಿಲಿಗಳ ಮೇಲಿನ ಅಧ್ಯಯನವು ಪ್ರಾಸ್ಟೇಟ್ ಕ್ಯಾನ್ಸರಿನ ಆರಂಭಿಕ ಹಂತದಲ್ಲಿ ಬೀಟಾ-೨ ಮತ್ತು ಬೀಟಾ-೩ ಗ್ರಾಹಕಗಳ ಮೂಲಕ ಸಿಂಪಥೆಟಿಕ್ ನರಗಳು ಗಡ್ಡೆಯ ಬೆಳವಣಿಗೆಗೆ ನೆರವಾಗುತ್ತವೆ ಎಂದು ತೋರಿಸಿತು. ಹೀಗೆ ನರಗಳ ಈ ಸೂಚನೆ ಗ್ರಂಥಿಯ ಸ್ಥಿತಿಗೂ ರೋಗಕ್ಕೂ ಸಂಬಂಧಿಸಿದ್ದಾಗಿದೆ.

೫. ಬೀಜದ ಸಾಗಣೆ: ಕೆರೆ ಮತ್ತು ತೂಬು

೧೬೭೭ರಲ್ಲಿ ಹಾಲೆಂಡಿನ ಆಂಟನಿ ಫಾನ್ ಲೇವನ್‌ಹುಕ್ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುಗಳನ್ನು ಕಂಡರು. ಅವು ಚುರುಕಾಗಿ ಈಜುವುದನ್ನು ಕಂಡ ಯಾರಿಗಾದರೂ ವೃಷಣದಿಂದ ಹೊರಗೆ ಬರುವವರೆಗಿನ ದಾರಿಯನ್ನೂ ಅವು ಈಜಿಯೇ ಕ್ರಮಿಸುತ್ತವೆ ಎನಿಸುವುದು ಸಹಜ. ವಾಸ್ತವವಾಗಿ ಗಂಡಿನ ದೇಹದೊಳಗೆ ಅವು ಬಹುಮಟ್ಟಿಗೆ ನಿಶ್ಚಲವಾಗಿರುತ್ತವೆ. ವೃಷಣಕ್ಕೆ ಅಂಟಿಕೊಂಡಿರುವ ಎಪಿಡಿಡಿಮಿಸ್ ಎಂಬ ಸುರುಳಿನಾಳವನ್ನು ಬಿಡಿಸಿದರೆ ಅದರ ಉದ್ದ ಸುಮಾರು ೬ ಮೀಟರ್. ಅಲ್ಲಿ ಪಕ್ವಗೊಂಡ ವೀರ್ಯಾಣುಗಳು ಆ ನಾಳದ ಕೊನೆಯ ಭಾಗದಲ್ಲಿ ಕಾದಿರುತ್ತವೆ. ಅಲ್ಲಿಂದ ಮುಂದೆ ವೀರ್ಯನಾಳದ ದಪ್ಪವಾದ ಅನೈಚ್ಛಿಕ ಸ್ನಾಯುಗಳು ಅವನ್ನು ಹಿಂಡಿ ತಳ್ಳಬೇಕು.

ನಮ್ಮ ಊರುಗಳ ಕೆರೆಯನ್ನು ಕಣ್ಣಮುಂದೆ ತಂದುಕೊಂಡರೆ ಈ ವ್ಯವಸ್ಥೆ ಸುಲಭವಾಗಿ ಅರ್ಥವಾಗುತ್ತದೆ. ಕೆರೆಯಲ್ಲಿ ನೀರಿದೆ, ಗದ್ದೆ ಹದವಾಗಿದೆ, ಕಾಲುವೆಯೂ ಇದೆ. ಆದರೆ ನೀರುಗಂಟಿ ತೂಬನ್ನು ಎತ್ತದಿದ್ದರೆ ಗದ್ದೆಗೆ ಹನಿ ನೀರೂ ಹರಿಯದು. ಇಲ್ಲಿ ನೀರುಗಂಟಿಗೆ ಹೇಳಿಕಳಿಸುವ ಸುದ್ದಿಯೇ ನಾರ್‌ಅಡ್ರಿನಲಿನ್. ಆ ಸುದ್ದಿಯನ್ನು ಕೇಳುವ ಕಿವಿಯೇ ಆಲ್ಫಾ-೧ ಗ್ರಾಹಕ. ಬೆನ್ನುಹುರಿಯ ಎದೆಯ ಕೆಳಭಾಗ ಮತ್ತು ಸೊಂಟದ ಮೇಲ್ಭಾಗದಿಂದ ಹೊರಡುವ ಸಿಂಪಥೆಟಿಕ್ ನರಗಳು ಸೂಚನೆ ನೀಡಿದಾಗ ವೀರ್ಯನಾಳ, ವೀರ್ಯಕೋಶ ಹಾಗೂ ಪ್ರಾಸ್ಟೇಟ್‌ಗಳ ಸ್ನಾಯುಗಳು ಸಂಕುಚಿಸಿ ತಮ್ಮ ತಮ್ಮ ದ್ರವವನ್ನು ಮೂತ್ರನಾಳಕ್ಕೆ ಸುರಿಯುತ್ತವೆ. ಅದೇ ಕ್ಷಣದಲ್ಲಿ ಮೂತ್ರಾಶಯದ ಕೊರಳೂ ಬಿಗಿಯಾಗಿ ಮುಚ್ಚಿ, ವೀರ್ಯವು ಹಿಮ್ಮುಖವಾಗಿ ಹರಿಯದಂತೆ ತಡೆಯುತ್ತದೆ. ಇದೂ ಆಲ್ಫಾ-೧ ಗ್ರಾಹಕಗಳ ಕೆಲಸವೇ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಲಿಂಗೋದ್ರೇಕವನ್ನು ಉಂಟುಮಾಡುವ ನರಗಳು ಬೆನ್ನುಹುರಿಯ ಕೆಳತುದಿಯಿಂದ ಹೊರಡುವ ಬೇರೆಯೇ ವ್ಯೂಹಕ್ಕೆ, ಪ್ಯಾರಾಸಿಂಪಥೆಟಿಕ್ ವ್ಯೂಹಕ್ಕೆ, ಸೇರಿದವು. ಆದುದರಿಂದ ಉದ್ರೇಕ ಸರಿಯಾಗಿದ್ದು ವೀರ್ಯದ ಸಾಗಣೆ ಮಾತ್ರ ಕೆಡುವುದು ಸಾಧ್ಯ. 'ಗಂಡಸುತನ' ಎಂಬ ಒಂದೇ ಪದದಲ್ಲಿ ನಾವು ಅಡಕಗೊಳಿಸುವ ಎರಡು ಶಕ್ತಿಗಳು ಶರೀರದಲ್ಲಿ ಎರಡು ಬೇರೆ ದಾರಿಗಳಲ್ಲಿ ಸಾಗುತ್ತವೆ.

ಸುಂಡಿಲಿಗಳ ಮೇಲಿನ ಪ್ರಯೋಗಗಳು ಇದನ್ನು ಸ್ಪಷ್ಟಪಡಿಸಿವೆ. ವೀರ್ಯನಾಳದ ನರಗಳು ನಾರ್‌ಅಡ್ರಿನಲಿನ್ ಜೊತೆಗೆ ಎಟಿಪಿ ಎಂಬ ಇನ್ನೊಂದು ವಸ್ತುವನ್ನೂ ಒಸರಿಸುತ್ತವೆ. ಈ ಎರಡನೆಯದನ್ನು ಬರಮಾಡಿಕೊಳ್ಳುವ ಗ್ರಾಹಕಕ್ಕೆ ಪಿ೨ಎಕ್ಸ್೧ ಎಂದು ಹೆಸರು. ಅದು ಇಲ್ಲದ ಗಂಡು ಸುಂಡಿಲಿಗಳ ಸಂತಾನಶಕ್ತಿ ಸುಮಾರು ಶೇಕಡ ೯೦ರಷ್ಟು ಕುಸಿಯಿತೆಂದು ೨೦೦೦ದಲ್ಲಿ ವರದಿಯಾಯಿತು. ಆಲ್ಫಾ-೧ರ ಮೂರೂ ಉಪಬಗೆಗಳಿಲ್ಲದ ಸುಂಡಿಲಿಗಳಲ್ಲಿಯೂ ಸಂತಾನಶಕ್ತಿ ತೀವ್ರವಾಗಿ ಕುಗ್ಗುವುದನ್ನು ೨೦೦೭ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ೨೦೧೩ರಲ್ಲಿ ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದ ತಂಡವು ಆಲ್ಫಾ-೧ಎ ಮತ್ತು ಪಿ೨ಎಕ್ಸ್೧ ಎರಡನ್ನೂ ಇಲ್ಲವಾಗಿಸಿದಾಗ ಆ ಸುಂಡಿಲಿಗಳು ಸಂಪೂರ್ಣವಾಗಿ ಸಂತಾನಹೀನವಾದವು. ಅವುಗಳ ಕೂಡುವಿಕೆಯಲ್ಲಿ ಕೊರತೆಯಿರಲಿಲ್ಲ. ಅವುಗಳ ವೀರ್ಯಾಣುಗಳನ್ನು ಹೊರತೆಗೆದು ಅಂಡಾಣುವಿಗೆ ನೇರವಾಗಿ ಸೇರಿಸಿದಾಗ ಆರೋಗ್ಯವಂತ ಮರಿಗಳು ಹುಟ್ಟಿದವು. ಕೆರೆ ತುಂಬಿಯೇ ಇತ್ತು, ತೂಬು ತೆರೆದಿರಲಿಲ್ಲ. ಗಂಡಸರಿಗೆ ಹಾರ್ಮೋನುರಹಿತವಾದ ಗರ್ಭನಿರೋಧಕವನ್ನು ರೂಪಿಸುವ ಆಲೋಚನೆಗೂ ಈ ಪ್ರಯೋಗ ಇಂಬು ನೀಡಿತು.

೬. ಔಷಧಿಗಳು ನೀಡುವ ಸಾಕ್ಷ್ಯ

ಪ್ರಾಣಿಗಳಲ್ಲಿ ಕಂಡದ್ದು ಮನುಷ್ಯರಲ್ಲಿಯೂ ನಿಜವೇ ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಅನಿರೀಕ್ಷಿತವಾದ ದಿಕ್ಕಿನಿಂದ. ೬೦ರ ವಯಸ್ಸಿನ ಹೊತ್ತಿಗೆ ಸುಮಾರು ಅರ್ಧದಷ್ಟು ಪುರುಷರಲ್ಲಿ ಪ್ರಾಸ್ಟೇಟ್ ಸಾಧುವಾಗಿ ಹಿಗ್ಗಿರುತ್ತದೆ. ಇಂಥವರಲ್ಲಿ ಅನೇಕರಿಗೆ ಮೂತ್ರಕ್ಕೆ ಅಡ್ಡಿಯಾಗುತ್ತದೆ. ಈ ಅಡ್ಡಿಗೆ ಗಾತ್ರವೊಂದೇ ಕಾರಣವಲ್ಲ, ಗ್ರಂಥಿಯ ಸ್ನಾಯುಗಳ ಬಿಗಿತವೂ ಕಾರಣ ಎಂಬುದನ್ನು ೧೯೭೦ರ ದಶಕದಲ್ಲಿ ಜೆರುಸಲೇಮಿನ ಮಾರ್ಕೊ ಕೇನ್ ತೋರಿಸಿ, ಆಲ್ಫಾ ಗ್ರಾಹಕಗಳನ್ನು ತಡೆಯುವ ಔಷಧಿಯನ್ನು ಪ್ರಯೋಗಿಸಿದರು. ಮಾನವ ಪ್ರಾಸ್ಟೇಟ್‌ನ ಸ್ನಾಯುವಿನಲ್ಲಿ ಆಲ್ಫಾ-೧ಎ ಉಪಬಗೆಯೇ ಪ್ರಧಾನವೆಂದು ಮುಂದೆ ತಿಳಿದುಬಂದಿತು. ಅದನ್ನು ಹೆಚ್ಚಾಗಿ ಗುರಿಮಾಡುವ ಟ್ಯಾಮ್ಸುಲೋಸಿನ್ ೧೯೯೭ರಲ್ಲಿಯೂ ಸಿಲೊಡೋಸಿನ್ ೨೦೦೮ರಲ್ಲಿಯೂ ಅಮೆರಿಕದಲ್ಲಿ ಮಾನ್ಯತೆ ಪಡೆದವು. ಇಂದು ಇವು ನಮ್ಮ ಪಟ್ಟಣಗಳ ಔಷಧಿ ಅಂಗಡಿಗಳಲ್ಲಿಯೂ ಸಾಮಾನ್ಯ.

ಈ ಔಷಧಿಗಳನ್ನು ಸೇವಿಸಿದ ಕೆಲವರಲ್ಲಿ ಸಂಭೋಗ ಸುಖ ಇದ್ದಂತೆಯೇ ಇದ್ದು ವೀರ್ಯ ಮಾತ್ರ ಹೊರಬರುವುದು ಕಡಿಮೆಯಾಯಿತು ಇಲ್ಲವೇ ನಿಂತಿತು. ೨೦೦೬ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾಮಾನ್ಯ ಪ್ರಮಾಣದ ಎರಡರಷ್ಟು, ಎಂದರೆ ದಿನಕ್ಕೆ ೦.೮ ಮಿಲಿಗ್ರಾಂ ಟ್ಯಾಮ್ಸುಲೋಸಿನ್ ಸೇವಿಸಿದ ಆರೋಗ್ಯವಂತ ಸ್ವಯಂಸೇವಕರಲ್ಲಿ ಸುಮಾರು ಶೇಕಡ ೯೦ರಷ್ಟು ಮಂದಿಯ ವೀರ್ಯದ ಪ್ರಮಾಣ ಇಳಿಯಿತು. ಸುಮಾರು ಶೇಕಡ ೩೫ರಷ್ಟು ಮಂದಿಯಲ್ಲಿ ವೀರ್ಯ ಹೊರಬರಲೇ ಇಲ್ಲ. ಸಿಲೊಡೋಸಿನ್ ಪ್ರಯೋಗಗಳಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಇಂತಹ ಬದಲಾವಣೆಯನ್ನು ಹೇಳಿಕೊಂಡರು. ಔಷಧಿ ನಿಲ್ಲಿಸಿದಾಗ ಈ ಪರಿಣಾಮ ಸಾಮಾನ್ಯವಾಗಿ ಮರೆಯಾಗುತ್ತದೆ. ಮಕ್ಕಳನ್ನು ಬಯಸುವ ವಯಸ್ಸಿನವರು ಈ ಬಗೆಯ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನು ತಾವಾಗಿಯೇ ಬಿಡದೆ ವೈದ್ಯರಿಗೆ ತಿಳಿಸಬೇಕಾದುದು ಇದಕ್ಕಾಗಿಯೇ.

ಔಷಧಿಯಿಂದ ತಾತ್ಕಾಲಿಕವಾಗಿ ಆಗುವುದು ರೋಗದಿಂದ ಶಾಶ್ವತವಾಗಿ ಆಗಬಹುದು. ದೀರ್ಘಕಾಲದ ಮಧುಮೇಹ ಸಿಂಪಥೆಟಿಕ್ ನರಗಳನ್ನು ಹಾಳುಗೆಡವಬಲ್ಲದು. ಮರದಿಂದ ಬಿದ್ದು ಅಥವಾ ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದವರಲ್ಲಿ, ವೃಷಣದ ಕ್ಯಾನ್ಸರಿಗಾಗಿ ಹೊಟ್ಟೆಯ ಹಿಂಭಾಗದ ದುಗ್ಧಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಈ ನರಗಳಿಗೆ ಧಕ್ಕೆಯಾಗುವುದುಂಟು. ಆಗ ವೀರ್ಯವು ಹೊರಬರದೆ ಉಳಿಯುತ್ತದೆ ಅಥವಾ ಹಿಮ್ಮುಖವಾಗಿ ಮೂತ್ರಾಶಯವನ್ನು ಸೇರುತ್ತದೆ. ಸಂಭೋಗದ ನಂತರದ ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ಹಿಮ್ಮುಖ ಹರಿವು ಪತ್ತೆಯಾಗುತ್ತದೆ. ಇಂತಹ ಕೆಲವರಿಗೆ ಅಡ್ರಿನರ್ಜಿಕ್ ಗ್ರಾಹಕಗಳನ್ನು ಉದ್ದೀಪಿಸುವ ಔಷಧಿ ನೆರವಾಗುತ್ತದೆ. ಅದು ಫಲಿಸದಿದ್ದರೆ ವೀರ್ಯಾಣುಗಳನ್ನು ಬೇರ್ಪಡಿಸಿ ತೆಗೆದು ಗರ್ಭಧಾರಣೆಗೆ ಬಳಸುವ ಮಾರ್ಗವಿದೆ. ಒಂದೇ ಒಂದು ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚುವ ವಿಧಾನ ಬ್ರಸೆಲ್ಸ್‌ನಲ್ಲಿ ಯಶಸ್ವಿಯಾದುದು ೧೯೯೨ರಲ್ಲಿ ವರದಿಯಾದ ಮೇಲೆ ಈ ಮಾರ್ಗ ಇನ್ನಷ್ಟು ವಿಸ್ತಾರವಾಯಿತು.

ಗಂಡಿನ ಫಲಹೀನತೆಯ ಕಾರಣಗಳಲ್ಲಿ ಸಾಗಣೆಯ ದೋಷವು ಒಂದು ಚಿಕ್ಕ ಭಾಗವಷ್ಟೇ. ವೀರ್ಯಾಣುಗಳ ಸಂಖ್ಯೆ, ಚಲನೆ, ಆಕಾರಗಳ ಕೊರತೆಯೇ ಹೆಚ್ಚಿನವರಲ್ಲಿ ಕಾಣುವುದು. ಆದರೆ ಪರಿಕಲ್ಪನೆಯ ದೃಷ್ಟಿಯಿಂದ ಈ ಚಿಕ್ಕ ಭಾಗದ ಮಹತ್ವ ದೊಡ್ಡದು. ಸಂಭೋಗ ಸಾಮರ್ಥ್ಯವಿದ್ದು ಬೀಜವೂ ಆರೋಗ್ಯವಾಗಿದ್ದು ಸಂತಾನವಾಗದ ಸ್ಥಿತಿಯೊಂದು ಗಂಡಿನಲ್ಲಿ ಇರಬಲ್ಲದು ಎಂಬುದನ್ನು ಇದು ಸಂಶಯಕ್ಕೆಡೆಯಿಲ್ಲದಂತೆ ಸ್ಥಾಪಿಸುತ್ತದೆ.

೭. ಸಮಾರೋಪ

ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಪ್ರಕಟಿಸಿದ ವರದಿಯಂತೆ ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲ್ಲಿ ಒಬ್ಬರು ಜೀವನದ ಯಾವುದೋ ಒಂದು ಹಂತದಲ್ಲಿ ಫಲಹೀನತೆಯ ತೊಂದರೆಯನ್ನು ಎದುರಿಸುತ್ತಾರೆ. ಇಷ್ಟು ವ್ಯಾಪಕವಾದ ಅನುಭವವನ್ನು ನಮ್ಮ ಭಾಷೆಯು ಹೆಣ್ಣಿನ ಹೆಸರಿನಲ್ಲಿ ಮಾತ್ರ ದಾಖಲಿಸಿಕೊಂಡಿರುವುದು ವಿಚಾರಣೀಯ. ಪರೀಕ್ಷೆಗೆ ಮೊದಲು ಹೆಂಡತಿಯನ್ನು ಕಳಿಸಿ, ಆಕೆ ಹಲವು ತಪಾಸಣೆಗಳಿಗೆ ಒಳಗಾದ ಬಳಿಕವೇ ಗಂಡನು ಸರಳವಾದ ವೀರ್ಯಪರೀಕ್ಷೆಗೆ ಒಪ್ಪುವ ರೂಢಿಯ ಹಿಂದೆ ಈ ಭಾಷೆಯೂ ಕೆಲಸ ಮಾಡುತ್ತಿದೆ. 'ಗಂಡಸಲ್ಲ' ಎಂಬ ಬೈಗುಳವೊಂದೇ ಆತನ ಮುಂದಿರುವ ಹೆಸರಾಗಿರುವಾಗ ಆತ ಪರೀಕ್ಷೆಗೆ ಹೆದರುವುದು ಆಶ್ಚರ್ಯವಲ್ಲ. ಹೀಗೆ ಪದದ ಕೊರತೆಯಿಂದ ಹೆಣ್ಣು ಅವಮಾನಕ್ಕೊಳಗಾದರೆ, ಗಂಡು ಚಿಕಿತ್ಸೆಯಿಂದ ವಂಚಿತನಾಗುತ್ತಾನೆ.

ಜಾನಪದ ಅಧ್ಯಯನಕಾರರಾದ ನಮ್ಮ ಮುಂದೆ ಇಲ್ಲಿ ಎರಡು ಕೆಲಸಗಳಿವೆ. ಹರಕೆ, ನಾಗಪ್ರತಿಷ್ಠೆ, ತೊಟ್ಟಿಲ ಸೇವೆ ಮೊದಲಾದ ಸಂತಾನಾಪೇಕ್ಷೆಯ ಆಚರಣೆಗಳನ್ನು ದಾಖಲಿಸುವಾಗ ನಾವು ಬಹುಮಟ್ಟಿಗೆ ಹೆಂಗಸರನ್ನೇ ಮಾತನಾಡಿಸಿದ್ದೇವೆ. ಗಂಡಸರ ಮೌನವನ್ನೂ ಪ್ರಶ್ನಿಸಿ ದಾಖಲಿಸಬೇಕಾಗಿದೆ. ನಾಟಿವೈದ್ಯರಲ್ಲಿಗೆ ಗುಟ್ಟಾಗಿ ಬರುವ ಗಂಡಸರು ತಮ್ಮ ತೊಂದರೆಯನ್ನು ಯಾವ ಮಾತುಗಳಲ್ಲಿ ಹೇಳಿಕೊಳ್ಳುತ್ತಾರೆ ಎಂಬುದರ ವ್ಯವಸ್ಥಿತ ಸಂಗ್ರಹವೂ ಆಗಬೇಕು. ಅಲ್ಲಿ ನಮ್ಮ ನಿಘಂಟುಗಳು ಕಾಣದ ಪದಗಳು ಅಡಗಿರುವ ಸಾಧ್ಯತೆಯಿದೆ. ಎರಡನೆಯದಾಗಿ, ಬೀಜ-ಕ್ಷೇತ್ರ ಎಂಬ ಜೋಡಿ ರೂಪಕವನ್ನು ವ್ಯಾಖ್ಯಾನಿಸುವಾಗ ನೀರು, ತೂಬು, ಕಾಲುವೆಗಳನ್ನೂ ಒಳಗೊಳ್ಳಬೇಕು. ಬೇಸಾಯವನ್ನು ಬಲ್ಲ ಸಮಾಜಕ್ಕೆ ಬೆಳೆ ಬಾರದಿರಲು ನೆಲವೊಂದೇ ಕಾರಣವಲ್ಲವೆಂಬುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಹೊಲದಲ್ಲಿ ಅರಿತದ್ದನ್ನು ಮನೆಗೂ ತರುವಂತೆ ನೆನಪಿಸಿದರೆ ಸಾಕು.